ಮಳೆಗಾಲದ ಬೆಳಕಿಗೆ ಒಂದು ಕರಿ ಕಂಬಳಿ

ಪ್ರಶ್ನೆ: ಸರ್, ನಾನು ಕೊಡಗಿನ ನಾಪೋಕ್ಲು ಕಡೆಯವನು, ಮದುವೆ ಫೋಟೋಗ್ರಫಿ ಮಾಡ್ತೀನಿ. ಮಳೆಗಾಲದಲ್ಲಿ ಮದುವೆ ಕೆಲಸ ಇಲ್ಲ, ಅದಕ್ಕೆ ಐನ್‌ಮನೆಯ (ಕೊಡವ ಮನೆತನದ ಮೂಲ ಮನೆ) ಹಿರಿಯರು, ಲೈನ್‌ಮನೆಯ (ತೋಟದವರ ಸಾಲು ಮನೆ) ತೋಟ ಕೆಲಸದವರು ಎಲ್ಲಾ ಸೇರಿ 24 ಜನರ ಪೋರ್ಟ್ರೇಟ್ ತೆಗೀಬೇಕು ಅಂತ ಶುರು ಮಾಡಿದ್ದೀನಿ. ಹತ್ರ ಇರೋದು ಒಂದು ಕ್ಯಾಮೆರಾ, 50 ಎಂಎಂ ಲೆನ್ಸ್, ಒಂದು ಫ್ಲ್ಯಾಶ್, ಅದರ ಬೆಳಕು ಮೆತ್ತಗೆ ಮಾಡೋ ಒಂದು ಬಿಳಿ ಅಂಬ್ರೆಲಾ. ಹೊರಗೆ ತೆಗೆದ್ರೆ ಮುಖ ಚಪ್ಪಟೆ, ಒಂಥರಾ ಹಸಿರು. ಒಳಗೆ ಅಂಬ್ರೆಲಾ ಹಾಕಿದ್ರೆ ಪಾಸ್‌ಪೋರ್ಟ್ ಫೋಟೋ. ದೊಡ್ಡ ಸಾಫ್ಟ್‌ಬಾಕ್ಸ್ (ಫ್ಲ್ಯಾಶಿಗೆ ಹಾಕೋ ಬಿಳಿ ಬಟ್ಟೆ ಮುಖದ ಡಬ್ಬ) ತಗೊಳ್ಳೋದಾ, ಇಲ್ಲಾ ಇನ್ನೊಂದು ಲೈಟಾ? ಸೆಟ್ಟಿಂಗ್ ಏನಿಡ್ಲಿ? ಸೊಂಟದ ಪೀಚೆಕತ್ತಿಯ ಬೆಳ್ಳಿನೂ ಕಪ್ಪಾಗಿ ಕಾಣ್ತಿದೆ. ಐದು ಫೋಟೋ ಕಳಿಸಿದ್ದೀನಿ, ನೋಡಿ ಹೇಳಿ. ಕೊನೇದಾಗಿ, ಮಂಜಲ್ಲಿ ಏನಾದ್ರೂ ಮಾಡ್ಬಹುದಾ?

ಉತ್ತರ:

ಎರಡೂ ಬೇಡ. ದುಡ್ಡು ಜೇಬಲ್ಲಿ ಇಟ್ಕೊಳ್ಳಿ, ಮನೇಲಿ ಹಳೇ ಕರಿ ಕಂಬಳಿ ಇದ್ಯಾ ಅಂತ ಮೊದಲು ಅಟ್ಟದಲ್ಲಿ ಹುಡುಕಿ. ತಮಾಷೆ ಅಲ್ಲ, ಯಾಕೆ ಅಂತ ಹೇಳ್ತೀನಿ.

ನೀವು ಕಳಿಸಿದ ಎರಡನೇ ಫೋಟೋ ತಗೊಳ್ಳಿ, ಪ್ಲಾಸ್ಟಿಕ್ ಹೊದ್ದುಕೊಂಡು ಸಿಲ್ವರ್ ಓಕ್ ಕೆಳಗೆ ನಿಂತಿರೋ ಅಕ್ಕ. ಫೋಕಸ್ ಚೆನ್ನಾಗಿದೆ, ನಗು ಚೆನ್ನಾಗಿದೆ, ಆದ್ರೆ ಸ್ವಲ್ಪ ದೊಡ್ಡದು ಮಾಡಿ ಗಲ್ಲದ ಕೆಳಗೆ ನೋಡಿ, ಪಾಚಿ ಬಣ್ಣ. ಹಣೆ ನೋಡಿ, ತಣ್ಣಗೆ ನೀಲಿ. ಯಾಕೆ ಹಂಗೆ ಅಂದ್ರೆ ಮೇಲಿಂದ ಮೋಡದ ಬೆಳಕು ಬರ್ತಿದೆ, ಕೆಳಗಿಂದ ಕಾಫಿ ಎಲೆ, ಹುಲ್ಲು, ಕಳೆ ಎಲ್ಲಾ ಸೇರಿ ಹಸಿರು ಬೆಳಕು ವಾಪಸ್ ಎಸೀತಿವೆ. ಒಂದೇ ಮುಖದ ಮೇಲೆ ಎರಡು ಬಣ್ಣ. ನೀವು ಎಡಿಟಿಂಗಲ್ಲಿ ಹಸಿರು ಕಳೆಯೋಕೆ ಟಿಂಟ್ ಸ್ಲೈಡರ್ ಮೆಜೆಂಟಾ (ನೇರಳೆಗೆಂಪು) ಕಡೆ ಎಳ್ದಿದ್ದೀರಾ ಅಂತ ಗೊತ್ತಾಗ್ತಿದೆ, ಗಲ್ಲ ಅರ್ಧ ಸರಿಹೋಗಿದೆ ಆದ್ರೆ ಹಣೆ ನೇರಳೆ ತಿರುಗಿದೆ. ಸ್ಲೈಡರ್ ಒಂದೇ ಬಣ್ಣ ಸರಿ ಮಾಡುತ್ತೆ, ಎರಡನ್ನ ಮಾಡಲ್ಲ. ಇದನ್ನ ತೋಟದಲ್ಲೇ ಸರಿ ಮಾಡ್ಬೇಕು. ಅವರ ಕಾಲ ಹತ್ರ, ಫ್ರೇಮಿಗೆ ಬರದ ಹಾಗೆ, ಒಂದು ಬಿಳಿ ಪಂಚೆ ಹಾಸಿ, ಹಸಿರು ಹೋಯ್ತು. ಇನ್ನೂ ಸುಲಭ ಅಂದ್ರೆ ಹತ್ತು ಹೆಜ್ಜೆ ಆಚೆ ತೋಟದ ಮಣ್ಣು ರಸ್ತೆ ಇರುತ್ತಲ್ಲ, ಅಲ್ಲಿ ನಿಲ್ಲಿಸಿ, ಕೆಂಪು ಮಣ್ಣಿಂದ ಬರೋ ಬೆಳಕು ಗಲ್ಲಕ್ಕೆ ಬೆಚ್ಚಗೆ ಬೀಳುತ್ತೆ, ಅದಕ್ಕೆ ಯಾವ ರಿಫ್ಲೆಕ್ಟರೂ ಬೇಡ. ಕಾಫಿ ಒಣಗಿಸೋ ಸಿಮೆಂಟ್ ಕಣ ಆದ್ರೂ ನಡೆಯುತ್ತೆ, ಬಣ್ಣ ಇಲ್ಲದ ಬೂದು ಬೆಳಕು.

ಒಂದು ಎಚ್ಚರಿಕೆ, ನೀಲಿ ಟಾರ್ಪಾಲ್. ಮಳೆಗಾಲದಲ್ಲಿ ಲೈನ್‌ಮನೆ ಜಗಲಿಗೆಲ್ಲಾ ಅದನ್ನೇ ಕಟ್ಟಿರ್ತಾರೆ, ಅದರ ಕೆಳಗೆ ಯಾರನ್ನ ಕೂರಿಸಿದ್ರೂ ದೆವ್ವದ ಸಿನಿಮಾ. ಬಿಚ್ಚೋಕೆ ಹೇಳ್ಬೇಡಿ ಪಾಪ, ಮಳೆ ಒಳಗೆ ಬರುತ್ತೆ, ನೀವೇ ಜಾಗ ಬದಲಾಯಿಸಿ.

ಈಗ ಚಪ್ಪಟೆ ಮುಖದ ವಿಷಯ. ಎಲ್ಲರೂ ಹೇಳ್ತಾರೆ ಮೋಡ ಅಂದ್ರೆ ದೇವರು ಕೊಟ್ಟ ಸಾಫ್ಟ್‌ಬಾಕ್ಸ್ ಅಂತ. ಅರ್ಧ ನಿಜ. ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತೋ ನೆರಳಿನ ಅಂಚು ಅಷ್ಟು ಮೆತ್ತಗೆ, ಆಕಾಶಕ್ಕಿಂತ ದೊಡ್ಡದು ಯಾವುದಿದೆ ಹೇಳಿ. ಆದ್ರೆ ಸುತ್ತ ಎಲ್ಲಾ ಕಡೆಯಿಂದ ಬೆಳಕು ಬಂದ್ರೆ ಮೂಗಿಗೆ ನೆರಳೇ ಇಲ್ಲ, ಮೂಗಿಗೆ ನೆರಳಿಲ್ಲ ಅಂದ್ರೆ ಫೋಟೋದಲ್ಲಿ ಮೂಗೇ ಇಲ್ಲ. ಇನ್ನೊಂದು, ಪೂರ್ತಿ ಮೋಡ ಮುಚ್ಚಿದ ಆಕಾಶ ಎಲ್ಲಾ ಕಡೆ ಒಂದೇ ಸಮ ಇರಲ್ಲ, ನೆತ್ತಿ ಮೇಲಿನ ಭಾಗ ದಿಗಂತದ ಹತ್ತಿರಕ್ಕಿಂತ ಸುಮಾರು 3 ಪಟ್ಟು ಜಾಸ್ತಿ ಬೆಳಗುತ್ತೆ. ಅಂದ್ರೆ ಬಯಲಲ್ಲಿ ನಿಲ್ಲಿಸಿದ್ರೆ ಬೆಳಕು ಮುಖ್ಯವಾಗಿ ತಲೆ ಮೇಲಿಂದಲೇ, ಹಣೆ ಮೂಗಿನ ತುದಿ ಬೆಳಗುತ್ತೆ, ಕಣ್ಣಿನ ಗುಳಿ ಕತ್ತಲೆ. ನಿಮ್ಮ ಒಂದನೇ ಫೋಟೋದ ಅಜ್ಜನ ಕಣ್ಣು ಕಾಣದೇ ಇರೋದು ಇದಕ್ಕೇ, ಅವರದ್ದು ಮೊದಲೇ ಒಳಗೆ ಹೋಗಿರೋ ಕಣ್ಣು ಬೇರೆ.

ಹಾಗಾಗಿ ನಮ್ಮ ಮಳೆಗಾಲದಲ್ಲಿ ಬೆಳಕು ಸೇರಿಸೋಕೆ ಹೋಗ್ಬೇಡಿ, ಕಳೀರಿ. ಮೊದಲು ತಲೆ ಮೇಲಿನದ್ದನ್ನ ಕಳೀರಿ, ಅಂದ್ರೆ ಜಗಲಿ ಒಳಗೆ ಕರೀರಿ, ಸೂರಿನ ಅಂಚಿಂದ ಎರಡು ಮೂರು ಅಡಿ ಒಳಗೆ. ಈಗ ಬೆಳಕು ಮುಂದಿಂದ ಮಾತ್ರ. ಆಮೇಲೆ ಒಂದು ಪಕ್ಕದ್ದನ್ನ ಕಳೀರಿ, ಇಲ್ಲೇ ಕಂಬಳಿ ಬರೋದು. ಕೆನ್ನೆಯಿಂದ ಒಂದೂವರೆ ಅಡಿ ದೂರದಲ್ಲಿ, ಫ್ರೇಮಿನ ಹೊರಗೆ, ಕರಿ ಕಂಬಳಿ ಹಗ್ಗದ ಮೇಲೆ ತೂಗುಹಾಕಿ. ಆ ಕಡೆಯಿಂದ ಬಿಳಿ ಗೋಡೆ, ಆಕಾಶ ಎಲ್ಲಾ ಕಳಿಸ್ತಿದ್ದ ಬೆಳಕನ್ನ ಕಂಬಳಿ ನುಂಗುತ್ತೆ, ಕೆನ್ನೆ ಒಂದು ಕಡೆ ನಿಧಾನವಾಗಿ ಕತ್ತಲಿಗೆ ತಿರುಗುತ್ತೆ, ಮೂಗು ಎದ್ದು ಬರುತ್ತೆ. ಇಂಗ್ಲಿಷ್ ಟ್ಯುಟೋರಿಯಲ್‌ನವರು ಇದಕ್ಕೆ ನೆಗೆಟಿವ್ ಫಿಲ್ ಅಂತಾರೆ, ಅದಕ್ಕೆ ಅಂತ ಕರಿ ಬಟ್ಟೆ ಫ್ರೇಮು ಸಾವಿರಗಟ್ಟಲೆಗೆ ಮಾರ್ತಾರೆ. ಉಣ್ಣೆ ಕಂಬಳಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಯಾಕಂದ್ರೆ ಹೊಳೆಯಲ್ಲ. ಕರಿ ಸಿಂಥೆಟಿಕ್ ಬಟ್ಟೆ ಹಾಕಿ ನೋಡಿ, ಅದೇ ಸಣ್ಣಗೆ ಮಿಂಚುತ್ತೆ.

ಸೆಟ್ಟಿಂಗ್ ಕೇಳಿದ್ರಿ, ಮಧ್ಯಾಹ್ನ ಮೂರರ ಮಳೇಲಿ ಜಗಲಿ ಒಳಗೆ ನನಗೆ ಸಾಮಾನ್ಯ ಬರೋದು ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋದು) 800, ಎಫ್ (ಲೆನ್ಸ್ ತೂತಿನ ಅಳತೆ) 2.8, ಶಟರ್ 1/125 ಸೆಕೆಂಡ್ ಆಸುಪಾಸು. ಅದಕ್ಕಿಂತ ಜಾಸ್ತಿ ಹೇಳೋಕೆ ಏನಿಲ್ಲ.

ಇನ್ನು ಒಳಗೆ ಅಂಬ್ರೆಲಾ ಹಾಕಿದ್ರೆ ಪಾಸ್‌ಪೋರ್ಟ್ ಯಾಕಾಗುತ್ತೆ. ನಮ್ಮಪ್ಪ ಮಡಿಕೇರಿಯಲ್ಲಿ ಸ್ಟುಡಿಯೋ ಇಟ್ಟಿದ್ದಾಗ ಎರಡು ಲೈಟು, ಆಚೆ ಒಂದು ಈಚೆ ಒಂದು, ಎರಡೂ ಸಮ ದೂರ ಸಮ ಪವರ್, ನೆಲದ ಮೇಲೆ ಚಾಕ್‌ಪೀಸಲ್ಲಿ ಗುರುತು ಬೇರೆ. ಬಂದವರನ್ನ ಸ್ಟೂಲ್ ಮೇಲೆ ಕೂರಿಸೋದು, ಕ್ಲಿಕ್, ಮುಂದಿನವರು. ಪಾಸ್‌ಪೋರ್ಟಿಗೆ ನೆರಳು ಇರಬಾರದು, ಅಲ್ಲಿಗೆ ಅದು ಸರಿ. ನೀವು ಒಂದೇ ಲೈಟ್ ಹಾಕಿದ್ರೂ ನಿಮ್ಮ ಹತ್ತಡಿ ಕೋಣೆಯ ಸುಣ್ಣದ ಗೋಡೆ ಎರಡನೇ ಲೈಟ್ ಆಗಿ ಕೆಲಸ ಮಾಡ್ತಿದೆ, ತಾರಸಿ ಮೂರನೇದು. ಬಿಳಿ ಅಂಬ್ರೆಲಾ ಬೆಳಕನ್ನ ಎಲ್ಲಾ ಕಡೆ ಚೆಲ್ಲುತ್ತೆ, ಹಿಡಿತ ಇಲ್ಲ ಅದಕ್ಕೆ. ಮಳೇಲಿ ಕೊಡೆ ನಮ್ಮನ್ನ ಉಳಿಸುತ್ತೆ, ಕೋಣೇಲಿ ಈ ಕೊಡೆ ನಮ್ಮನ್ನ ಮುಳುಗಿಸುತ್ತೆ!

ಇದಕ್ಕೂ ಕಂಬಳಿನೇ, ಜೊತೆಗೆ ದೂರದ ಲೆಕ್ಕ. ಪಿಯುಸಿ ಫಿಸಿಕ್ಸಲ್ಲಿ ಇನ್‌ವರ್ಸ್ ಸ್ಕ್ವೇರ್ ಲಾ ಅಂತ ಬಾಯಿಪಾಠ ಮಾಡಿದ್ವಲ್ಲ, ದೂರ ಎರಡು ಪಟ್ಟಾದ್ರೆ ಬೆಳಕು ಕಾಲು ಭಾಗ, ಅದು ಈಗ ಕೆಲಸಕ್ಕೆ ಬರುತ್ತೆ. ಕೂತವರ ಹಿಂದೆ ಗೋಡೆ 6 ಅಡಿ ದೂರ ಇದೆ ಅಂದ್ಕೊಳ್ಳಿ. ಲೈಟ್ ಮುಖದಿಂದ 6 ಅಡಿ ಇಟ್ರೆ ಗೋಡೆಗೆ ಲೈಟಿಂದ 12 ಅಡಿ, ಮುಖಕ್ಕಿಂತ ಗೋಡೆಗೆ ಬೀಳೋ ಬೆಳಕು ಕಾಲು ಭಾಗ, ಎರಡು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು ಇಲ್ಲಾ ಎರಡು ಪಟ್ಟಾಗೋದು), ಬಿಳಿ ಗೋಡೆ ಬೂದು ಕಾಣುತ್ತೆ. ಅದೇ ಲೈಟನ್ನ ಮುಖದಿಂದ 2 ಅಡಿಗೆ ತನ್ನಿ, ಗೋಡೆಗೆ 8 ಅಡಿ, ನಾಲ್ಕು ಪಟ್ಟು ದೂರ ಅಂದ್ರೆ 16ರಲ್ಲಿ ಒಂದು ಭಾಗ, ನಾಲ್ಕು ಸ್ಟಾಪ್. ಅದೇ ಬಿಳಿ ಗೋಡೆ, ಈಗ ಹೆಚ್ಚುಕಮ್ಮಿ ಕಪ್ಪು. ಅಂಬ್ರೆಲಾದಂಥ ದೊಡ್ಡ ಮೂಲಕ್ಕೆ ಈ ಲೆಕ್ಕ ಪೈಸೆ ಪೈಸೆ ಕೂಡಲ್ಲ, ಕೋಣೆ ಗೋಡೆಗೆ ಬಡಿದು ಬರೋದು ಬೇರೆ ಇರುತ್ತೆ, ಆದ್ರೂ ಮಾಡಿ ನೋಡಿ, ಕಣ್ಣಿಗೆ ಕಾಣುತ್ತೆ. ಶಟರ್ 1/200, ಎಫ್ 5.6, ಐಎಸ್‌ಒ 100 ಇಟ್ರೆ ಕೋಣೆಯ ಬೆಳಕು ಫೋಟೋಗೆ ಬರೋದೇ ಇಲ್ಲ, ನಿಮ್ಮ ಫ್ಲ್ಯಾಶ್ ಮಾತ್ರ. ಮುಖದ ಹತ್ರ ತಂದ್ರೆ ಇನ್ನೊಂದು ಲಾಭ, ಅದೇ ಅಂಬ್ರೆಲಾ ಮುಖಕ್ಕೆ ಮೂರು ಪಟ್ಟು ದೊಡ್ಡದಾಗಿ ಕಾಣುತ್ತೆ, ನೀವು ತಗೋಬೇಕು ಅಂದಿದ್ದ ದೊಡ್ಡ ಸಾಫ್ಟ್‌ಬಾಕ್ಸ್ ಕೆಲಸ ಅಲ್ಲಿಗೆ ಮುಗೀತು.

ಐನ್‌ಮನೆಗೆ ಬರೋಣ, ಇಲ್ಲಿ ನನಗೆ ಸ್ವಲ್ಪ ಜಾಸ್ತಿ ಮಾತಾಡೋ ಚಟ.

ಹಳೇ ಐನ್‌ಮನೆ ಅಂದ್ರೆ ನನ್ನ ಲೆಕ್ಕದಲ್ಲಿ ಲೈಟಿಂಗ್ ಸ್ಟುಡಿಯೋನೇ. ಮುಂದೆ ಕಯ್ಯಾಲೆ ಅಂದ್ರೆ ಜಗಲಿ, ಕಂಬದಿಂದ ಕಂಬಕ್ಕೆ ದಪ್ಪ ಐಮರ, ಕೂರೋ ಹಲಗೆ. ಐಮರದ ಮೇಲೆ ಹಿರಿಯರನ್ನ ಸ್ವಲ್ಪ ಓರೆಯಾಗಿ ಕೂರಿಸಿ, ಮುಖ ಅಂಗಳದ ಕಡೆ ಮುಕ್ಕಾಲು ತಿರುಗಲಿ, ಒಳಗಿನ ಕತ್ತಲೆ ಬಾಗಿಲು ಹಿನ್ನೆಲೆ. ಕತ್ತಲೆ ಕಡೆಯ ಕೆನ್ನೆ ಮೇಲೆ ಕಣ್ಣಿನ ಕೆಳಗೆ ಪುಟ್ಟ ತ್ರಿಕೋನ ಬೆಳಕು ಬಂತು ಅಂದ್ರೆ ಅದೇ ರೆಂಬ್ರಾಂಟ್ ಲೈಟಿಂಗ್, 1600ರ ದಶಕಗಳ ಆ ಡಚ್ ಚಿತ್ರಕಾರನ ಹೆಸರು. ಬರ್ಲಿಲ್ಲ ಅಂದ್ರೂ ಆಕಾಶ ಬೀಳಲ್ಲ, ತ್ರಿಕೋನ ಹುಡುಕ್ತಾ ಮುಖ ನೋಡೋದು ಮರೀಬೇಡಿ.

ನಡುಮುತ್ತ ಇರೋ ಮನೆ ಸಿಕ್ಕಿದ್ರೆ ನೀವು ಅದೃಷ್ಟವಂತರು. ಮನೆ ನಡುವೆ ಆಕಾಶಕ್ಕೆ ತೆರೆದ ಜಾಗ, ನಾಲ್ಕೂ ಕಡೆ ಇಳಿಜಾರು ಹೆಂಚು. ನಾನು ಮೊದಲ ಸಲ ಹೋದಾಗ ಮಾಡಿದ ತಪ್ಪು ಹೇಳ್ತೀನಿ, ಅಜ್ಜಿಯನ್ನ ಸೀದಾ ನಡುಮುತ್ತದ ಅಂಚಲ್ಲೇ ಕುರ್ಚಿ ಹಾಕಿ ಕೂರಿಸಿದೆ, ಬೆಳಕು ಕೊಳವೇಲಿ ಸುರಿದ ಹಾಗೆ ಮೇಲಿಂದ ನೇರ ಬಿತ್ತು, ಬಿಳಿ ಕೂದಲು ಬೆಂಕಿ ಹತ್ತಿದ ಹಾಗೆ, ಕಣ್ಣು ಎರಡು ಕಪ್ಪು ತೂತು. ಮುಕ್ಕಾಲು ಗಂಟೆ ತೆಗೆದೆ, ಒಂದೂ ಸರಿ ಇಲ್ಲ. ಕೊನೆಗೆ ಅಜ್ಜಿಗೇ ಚಳಿ ಆಗಿ ಕುರ್ಚಿ ಹಿಂದಕ್ಕೆ ಎಳ್ಕೊಂಡ್ರು, ಐದಾರು ಅಡಿ ಒಳಗೆ. ಅಷ್ಟೇ. ಈಗ ತೆರೆದ ಆಕಾಶ ಅವರ ಮುಂದೆ ಓರೆಯಾಗಿ ಮೇಲೆ, ಬೆಳಕು 45 ಡಿಗ್ರಿಯಲ್ಲಿ ಮುಖಕ್ಕೆ, ಕಣ್ಣಲ್ಲಿ ಚೌಕ ಆಕಾಶದ ಪುಟ್ಟ ಚುಕ್ಕಿ, ಕೊರಳಲ್ಲಿ ಜೋಮಾಲೆ ಒಂದೊಂದು ಮಣಿಯೂ ಬೇರೆ ಬೇರೆ ಕಂಡಿತು. ಲೈಟಿಂಗ್ ನನಗೆ ಹೇಳಿಕೊಟ್ಟಿದ್ದು ಆ ಅಜ್ಜಿ ಅಂದ್ರೂ ತಪ್ಪಿಲ್ಲ. ಕಣ್ಣಿನ ಆ ಚುಕ್ಕಿ ಯಾವಾಗ್ಲೂ ನೋಡ್ತಿರಿ, ಗಡಿಯಾರದ ಹತ್ತು ಗಂಟೆ ಅಥವಾ ಎರಡು ಗಂಟೆ ಜಾಗದಲ್ಲಿ ಇದ್ರೆ ಎತ್ತರ ಸರಿ. ಕಣ್ಣು ಒಳಗೆ ಹೋಗಿರೋ ವಯಸ್ಸಾದವರಿಗೆ ಬೆಳಕು ಇನ್ನೂ ಕೆಳಗೆ ಇಳಿಸಿ.

ಅದೇ ಅಜ್ಜಿಗೆ ಆಮೇಲೆ ಇನ್ನೊಂದು ಪ್ರಯೋಗ ಮಾಡಿದ್ದೆ, ಪೂರ್ತಿ ಪಕ್ಕದ ಬೆಳಕು, ಸುಕ್ಕೆಲ್ಲಾ ಕೆತ್ತಿದ ಹಾಗೆ. ನನಗೆ ಭಾರಿ ಖುಷಿ. ಪ್ರಿಂಟ್ ಕೊಟ್ಟಾಗ ಅಜ್ಜಿ ಕನ್ನಡಕ ಹಾಕ್ಕೊಂಡು ನೋಡಿ, "ಇದೆಂಥ ಮಗ, ನಂದು ಮುಖವಾ ಉತ್ತ ಗದ್ದೆಯಾ" ಅಂದ್ರು. ಅವರು ಗೋಡೆಗೆ ಹಾಕಿದ್ದು ನಡುಮುತ್ತದ್ದು. ಸುಕ್ಕು ತೋರಿಸ್ಬೇಕಾ ಬೇಡ್ವಾ ಅಂತ ಈಗ ಮೊದಲೇ ಕೇಳಿಬಿಡ್ತೀನಿ.

ನೆಲ್ಲಕ್ಕಿ ನಡುಬಾಡೆಯಲ್ಲಿ (ಹಿರಿಯರ ದೀಪ ಹಚ್ಚೋ ನಡುಮನೆ) ಮಾತ್ರ ಫ್ಲ್ಯಾಶ್ ಬೇಡ. ಪಟ್ಟೆದಾರರನ್ನ (ಮನೆತನದ ಯಜಮಾನರನ್ನ) ಕೇಳದೆ ಕ್ಯಾಮೆರಾನೇ ತೆಗೀಬೇಡಿ, ಕೇಳಿ ಒಪ್ಪಿದ್ರೂ ಅಲ್ಲಿನ ದೀಪವನ್ನ ನಿಮ್ಮ ಫೋಟೋ ಸಲುವಾಗಿ ಆಚೆ ಈಚೆ ಸರಿಸೋಕೆ ಹೋಗ್ಬೇಡಿ. ದೀಪದ ಬೆಳಕಲ್ಲಿ ಪೋರ್ಟ್ರೇಟ್ ಆಸೆ ಇದ್ರೆ ಬೇರೆ ಕೋಣೇಲಿ ಬೇರೆ ದೀಪ. ನಾಲ್ಕೈದು ಬತ್ತಿ, ಮುಖದಿಂದ ಒಂದೂವರೆ ಅಡಿ, ಐಎಸ್‌ಒ 3200, ಎಫ್ 1.8, 1/60ರಲ್ಲಿ ಬರುತ್ತೆ. ದೀಪ ನೆಲದ ಮೇಲಿಟ್ರೆ ಬೆಳಕು ಕೆಳಗಿಂದ, ಅದು ಭೂತದ ಕಥೆಗೆ, ಸ್ಟೂಲ್ ಮೇಲೆ ಕಣ್ಣಿನ ಮಟ್ಟಕ್ಕೆ ತನ್ನಿ. ಪಕ್ಕದ ರೂಮಿನ ಎಲ್‌ಇಡಿ ಬಲ್ಬ್ ಆರಿಸೋದು ಮರೀಬೇಡಿ, ದೀಪದ ಬೆಳಕು 1900 ಕೆಲ್ವಿನ್ ಹತ್ರ (ಬೆಳಕಿನ ಬಣ್ಣದ ಅಳತೆ ಅದು, ಕಮ್ಮಿ ಇದ್ರೆ ಹಳದಿ, ಜಾಸ್ತಿ ಇದ್ರೆ ನೀಲಿ), ಬಿಳಿ ಎಲ್‌ಇಡಿ 6000 ಮೇಲೆ ಇರುತ್ತೆ, ಬಾಗಿಲ ಸಂದಿಂದ ಒಂದು ಗೆರೆ ಬಂದ್ರೂ ಕಿವಿ ನೀಲಿ. ಸಾಕು ಅಷ್ಟು ಎಚ್ಚರ.

ಮೂರನೇ ಫೋಟೋ, ಕುಪ್ಯ (ಕೊಡವ ಗಂಡಸರ ಉದ್ದ ಕೋಟು) ಹಾಕಿದ ಅಜ್ಜ, ತಲೆ ಗಾಳೀಲಿ ತೇಲ್ತಿದೆ. ಕರಿ ಕುಪ್ಯ, ಕರಿ ಬಾಗಿಲು, ಎರಡೂ ಒಂದಾಗಿ ಹೋಗಿವೆ, ಜೊತೆಗೆ ಮುಖ ಬೆಳ್ಳಗೆ ಸುಟ್ಟಿದೆ. ಸುಟ್ಟಿದ್ದು ಕ್ಯಾಮೆರಾ ಮೀಟರ್ ತಪ್ಪು, ಅದಕ್ಕೆ ಪ್ರಪಂಚವೆಲ್ಲಾ ಬೂದು ಬಣ್ಣ ಆಗ್ಬೇಕು, ಇಷ್ಟೊಂದು ಕಪ್ಪು ನೋಡಿದ ಕೂಡ್ಲೇ ಬೆಳಕು ಸಾಲದು ಅಂದ್ಕೊಂಡು ಜಾಸ್ತಿ ಮಾಡುತ್ತೆ. ಮುಖಕ್ಕೆ ಸ್ಪಾಟ್ ಮೀಟರ್ (ಒಂದು ಸಣ್ಣ ಜಾಗದ ಬೆಳಕು ಮಾತ್ರ ಅಳೆಯೋದು) ಇಡಿ ಅಥವಾ ಒಂದು ಸ್ಟಾಪ್ ಮೈನಸ್ ಮಾಡಿ. ಮದುವೆ ಗಂಡಿನ ಬಿಳಿ ಕುಪ್ಯಕ್ಕೆ ಇದೇ ಉಲ್ಟಾ, ಅದು ನಿಮಗೆ ಗೊತ್ತೇ ಇರುತ್ತೆ. ಇನ್ನು ಭುಜ ಕಾಣಿಸೋಕೆ ಮುಂದಿಂದ ಎಷ್ಟು ಬೆಳಕು ಹಾಕಿದ್ರೂ ಕರಿ ಬಟ್ಟೆ ಕುಡಿದು ಬಿಡುತ್ತೆ, ಸುಮ್ನೆ ಮುಖ ಹಾಳು. ಓರೆಯಾಗಿ ಹಿಂದಿಂದ ಬರೋ ಬೆಳಕು ಬೇಕು. ಅಜ್ಜನ ಹಿಂದೆ ಪಕ್ಕಕ್ಕೆ ಒಂದು ಕಿಟಕಿ ತೆಗೆದಿಡಿ, ಕಿಟಕಿ ಇಲ್ಲ ಅಂದ್ರೆ ನಿಮ್ಮ ಫ್ಲ್ಯಾಶನ್ನ ಕಮ್ಮಿ ಪವರಲ್ಲಿ ಅಲ್ಲಿ ಇಟ್ಟು ಮುಂದಿನ ಬೆಳಕಿಗೆ ಅಂಗಳವನ್ನೇ ನಂಬಿ. ಭುಜದ ಮೇಲೆ ಸಣ್ಣ ಗೆರೆ ಬಂತು ಅಂದ್ರೆ ಕುಪ್ಯದ ಆಕಾರ ಪೂರ್ತಿ ಬಂತು, ಸೊಂಟಕ್ಕೆ ಸುತ್ತಿದ ಚೇಲೆಯ ರೇಷ್ಮೆ ಕೆಂಪು ಆ ಓರೆ ಬೆಳಕಲ್ಲಿ ಉರಿಯುತ್ತೆ.

ಪೀಚೆಕತ್ತಿಯ (ಕೊಡವರ ಸಣ್ಣ ಕಠಾರಿ) ಬೆಳ್ಳಿ ಕಪ್ಪಾಗಿ ಕಾಣ್ತಿದೆ ಅಂತ ಬರೆದಿದ್ರಿ. ಬೆಳ್ಳಿ ಕನ್ನಡಿ ಇದ್ದ ಹಾಗೆ, ಎದುರಿಗೆ ಏನಿದ್ಯೋ ಅದನ್ನೇ ತೋರಿಸುತ್ತೆ, ನಿಮ್ಮ ಫೋಟೋದಲ್ಲಿ ಅದರ ಎದುರಿಗೆ ಇದ್ದದ್ದು ನಿಮ್ಮ ಕರಿ ಜಾಕೆಟ್. ಪಕ್ಕದವರ ಕೈಯಲ್ಲಿ ಬಿಳಿ ರಟ್ಟು ಹಿಡಿಸಿ ಕತ್ತಿಯಲ್ಲಿ ಆ ರಟ್ಟು ಕಾಣೋ ಹಾಗೆ ಸರಿಸ್ತಾ ಹೋಗಿ, ಒಂದು ಕಡೆ ಝಗ್ ಅಂತ ಬೆಳಗುತ್ತೆ. ಹೆಂಗಸರ ಕೊಕ್ಕೆತಾತಿ, ಪತ್ತಾಕ್ ಅಂಥ ಕೊರಳ ಒಡವೆ ಎಲ್ಲದಕ್ಕೂ ಇದೇ ಉಪಾಯ.

ತೋಟದವರ ಫೋಟೋ ಬಗ್ಗೆ ಒಂದು ಮಾತು, ಸ್ವಲ್ಪ ಸಿಟ್ಟಿನ ಮಾತು. ನೀವು ನಾಲ್ಕನೇ ಫೋಟೋದಲ್ಲಿ ಆ ಹುಡುಗನ ಮುಖ ಎರಡು ಸ್ಟಾಪ್ ಎತ್ತಿದ್ದೀರಾ. ಮದುವೆ ಆಲ್ಬಮ್‌ನಲ್ಲಿ ಬೆಳ್ಳಗೆ ಮಾಡಿ ಮಾಡಿ ಕೈ ಹಂಗೇ ಹೋಗುತ್ತೆ, ನಾನೂ ಮಾಡಿದ್ದೀನಿ, ಒಂದು ಲ್ಯಾಬ್‌ನವರು ನಾನು ಹೇಳದೇ ನನ್ನ ಪ್ರಿಂಟೆಲ್ಲಾ ಬೆಳ್ಳಗೆ ಮಾಡಿ ಕಳಿಸಿದಾಗ ಜಗಳ ಆಡಿದವನೂ ನಾನೇ. ಕಪ್ಪು ಚರ್ಮ ಚೆನ್ನಾಗಿ ಬರೋದು ಜಾಸ್ತಿ ಬೆಳಕಿಂದ ಅಲ್ಲ, ಚರ್ಮದ ಮೇಲೆ ಬೀಳೋ ಹೊಳಪಿಂದ. ದೊಡ್ಡ ಬೆಳಕು, ಓರೆ ಕೋನ, ಕೆನ್ನೆ ಮೂಳೆ ಮೇಲೆ ಉದ್ದಕ್ಕೆ ಮೆತ್ತನೆ ಹೊಳಪು, ಮಳೆ ನೀರಿನ ಒದ್ದೆ ಇದ್ರೆ ಇನ್ನೂ ಚೆಂದ, ಒರೆಸೋಕೆ ಹೇಳ್ಬೇಡಿ. ಎಕ್ಸ್‌ಪೋಷರ್ ಹೊಳಪಿನ ಜಾಗ ನೋಡಿ ಇಡಿ, ಉಳಿದದ್ದು ತನ್ನ ಬಣ್ಣದಲ್ಲೇ ಇರಲಿ. ಇನ್ನೊಂದು, ಕೆಲಸದ ಹೊತ್ತಲ್ಲಿ ನಿಲ್ಲಿಸ್ಬೇಡಿ. ಕುಯ್ಲಿನ ಟೈಮಲ್ಲಂತೂ ಕೆಜಿ ಲೆಕ್ಕ, ನಿಮ್ಮ ಹತ್ತು ನಿಮಿಷ ಅವರ ದುಡ್ಡು. ಈಗ ಮರಕಪಾತು (ನೆರಳು ಮರದ ಕೊಂಬೆ ಕಡಿಯೋದು), ಕಳೆ ಕೆಲಸ, ಸಾಯಂಕಾಲ ಲೈನ್‌ಮನೆಗೆ ಬಂದು ಚಾ ಕುಡಿಯೋ ಹೊತ್ತಿಗೆ ಹೋಗಿ, ಬೆಳಕೂ ಆಗ್ಲೇ ಚೆನ್ನಾಗಿರುತ್ತೆ.

ಮಂಜಲ್ಲಿ ಏನಾದ್ರೂ ಮಾಡ್ಬಹುದಾ ಅಂತ ಕೊನೇಲಿ ಕೇಳಿದ್ರಿ. ಮಾಡ್ಬಹುದು, ನನ್ನ ಇಷ್ಟದ ಆಟ ಅದು. ಮಡಿಕೇರಿ ಘಾಟಿ ಮಂಜಲ್ಲಿ ಹೈಬೀಮ್ ಹಾಕಿದ್ರೆ ಏನಾಗುತ್ತೆ? ಎದುರಿಗೆ ಬಿಳಿ ಗೋಡೆ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೈಬೀಮೇ, ಲೆನ್ಸ್ ಹತ್ರದ ಹನಿಗಳೇ ದೊಡ್ಡ ಬಿಳಿ ಬೊಟ್ಟಾಗಿ ತುಂಬಿಕೊಳ್ತವೆ. ಫ್ಲ್ಯಾಶನ್ನ ಕೂತವರ ಬೆನ್ನ ಹಿಂದೆ ನಾಲ್ಕಡಿ ದೂರ ಬಚ್ಚಿಟ್ಟು ತಲೆ ಹಿಂಭಾಗಕ್ಕೆ ತಿರುಗಿಸಿ, ಆಗ ಮಂಜೇ ಬೆಳಗುತ್ತೆ, ತಲೆ ಸುತ್ತ ಪ್ರಭಾವಳಿ, ಮಳೆ ಹನಿ ಇದ್ರೆ ಒಂದೊಂದೂ ನಿಂತ ಹಾಗೆ, ಯಾಕಂದ್ರೆ ಕಮ್ಮಿ ಪವರಲ್ಲಿ ಫ್ಲ್ಯಾಶ್ ಉರಿಯೋದು ಸೆಕೆಂಡಿನ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಮುಖಕ್ಕೆ ಆಕಾಶದ ಬೆಳಕು ಸಾಕು. ಫ್ಲ್ಯಾಶಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ನಾನು ಕಟ್ಟದೆ ಒಂದನ್ನ ಸಾಯಿಸಿದ್ದೀನಿ.

ಕರೆಂಟ್ ಹೋದ ರಾತ್ರಿಗಳೂ ವ್ಯರ್ಥ ಅಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ 100, ಎಫ್ 8, ಶಟರ್ 10 ಸೆಕೆಂಡ್, ಟಾರ್ಚಿಗೆ ಬಿಳಿ ಕಾಗದ ಸುತ್ತಿ ಮುಖದ ಮೇಲೆ ಬಣ್ಣ ಹಚ್ಚಿದ ಹಾಗೆ ಬೆಳಕು ಹಚ್ಚಿ, ಕೆನ್ನೆಗೆ ಮೂರು ಸೆಕೆಂಡ್, ಕೈಗೆ ಎರಡು. ಟಾರ್ಚ್ ನಿಲ್ಲಿಸ್ಬೇಡಿ, ಆಡಿಸ್ತಾ ಇರಿ. ಕೂತವರು ಅಲ್ಲಾಡ್ತಾರೆ ಅನ್ನೋದೇ ಸಮಸ್ಯೆ, ತಲೆ ಕಂಬಕ್ಕೆ ಒರಗಿಸಿ. 1800ರ ದಶಕಗಳ ಸ್ಟುಡಿಯೋಗಳಲ್ಲಿ ಇದೇ ಕಾರಣಕ್ಕೆ ತಲೆ ಹಿಂದೆ ಕಬ್ಬಿಣದ ಆಸರೆ ಇಡ್ತಿದ್ರು.

ಆ ಕಾಲದ ಮಾತು ಬಂತು ಅಂತ, ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಫೋಟೋಗಳನ್ನ ಒಮ್ಮೆ ಹುಡುಕಿ ನೋಡಿ. ಕಲ್ಕತ್ತಾದಲ್ಲಿ 1815ರಲ್ಲಿ ಹುಟ್ಟಿದ ಹೆಂಗಸು, 1863ರಲ್ಲಿ 48 ವರ್ಷಕ್ಕೆ ಮಗಳು ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟ ಮೇಲೆ ಶುರು ಮಾಡಿದ್ದು, ಇಂಗ್ಲೆಂಡಿನ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡ್ಕೊಂಡು. ಮುಖ ಅರ್ಧ ಬೆಳಕು ಅರ್ಧ ಕತ್ತಲು, ಫೋಕಸ್ ಸ್ವಲ್ಪ ಮಸುಕು, ಆ ಕಾಲದ ಫೋಟೋಗ್ರಾಫರ್‌ಗಳು ಬೈದ್ರು, ಈಕೆ ಕೇಳ್ಲಿಲ್ಲ. ನಮಗೆ ಹತ್ತಿರದ ವಿಷಯ ಅಂದ್ರೆ ಗಂಡನಿಗೆ ಸಿಲೋನಲ್ಲಿ ಕಾಫಿ ತೋಟ ಇತ್ತು, 1875ರಲ್ಲಿ ಅಲ್ಲಿಗೇ ಹೋದ್ರು, ಅಲ್ಲಿ ತೋಟದ ಕೆಲಸದವರ ಪೋರ್ಟ್ರೇಟನ್ನೂ ತೆಗೆದ್ರು, 1879ರಲ್ಲಿ ಅಲ್ಲೇ ತೀರಿಕೊಂಡ್ರು. ಸಿಲೋನಿನ ಕಾಫಿಯನ್ನ ಎಲೆ ತುಕ್ಕು ರೋಗ ತಿಂದು ಹಾಕ್ತಿದ್ದ ವರ್ಷಗಳವು. ಕೋಳಿಗೂಡಲ್ಲಿ ಆಗಿದ್ದು ನಿಮ್ಮ ಜಗಲೀಲಿ ಆಗಲ್ವಾ?

24 ಜನಕ್ಕೆ ಈ ಎಲ್ಲಾ ಪ್ರಯೋಗನೂ ಮಾಡೋಕೆ ಹೋಗ್ಬೇಡಿ, ಕದಂಬ ಸಾರು ಆಗುತ್ತೆ. ಎಲ್ಲರಿಗೂ ಒಂದೇ ಕಂಬಳಿ, ಒಂದೇ ದಿಕ್ಕಿನ ಬೆಳಕು, ಅದೇ 50 ಎಂಎಂ. ಐಮರದ ಮೇಲೆ ಕೂತ ಪಟ್ಟೆದಾರರಿಗೂ ಲೈನ್‌ಮನೆ ಮೆಟ್ಟಿಲ ಮೇಲೆ ಕೂತ ಅಕ್ಕನಿಗೂ ಅದೇ ಬೆಳಕು. ನಿಮ್ಮ ಪ್ರಾಜೆಕ್ಟಿನ ಜೀವ ಅಲ್ಲೇ ಇದೆ ಅಂತ ನನಗನ್ನಿಸುತ್ತೆ, ನೀವು ಬರೆದಿರಲಿಲ್ಲ. ಮಂಜು, ಟಾರ್ಚು ಎಲ್ಲಾ ಬೇರೆ ದಿನ, ಮನೆಯವರ ಮೇಲೆ.

ಕೊಳ್ಳಲೇಬೇಕು ಅಂದ್ರೆ ಎರಡು ಕ್ಲಿಪ್ಪು, ಹತ್ತು ಅಡಿ ನೈಲಾನ್ ಹಗ್ಗ, ಸಿಲಿಕಾ ಜೆಲ್ ಪ್ಯಾಕೆಟ್. ಲೆನ್ಸ್ ಮಾತ್ರ ಜೆಲ್ ಹಾಕಿದ ಗಾಳಿ ಆಡದ ಡಬ್ಬೀಲೇ ಇಡಿ, ನಮ್ಮ ಥಂಡಿಗೆ ಬ್ಯಾಗಲ್ಲೇ ಬಿಟ್ರೆ ಕೈಲ್‌ಪೊಳ್ದ್ (ಸೆಪ್ಟೆಂಬರಿನ ಆಯುಧ ಹಬ್ಬ) ಹೊತ್ತಿಗೆ ಒಳಗೆ ಫಂಗಸ್ ಬಲೆ ಕಟ್ಟಿರುತ್ತೆ. ಅಷ್ಟಾದ ಮೇಲೂ ಸಾಫ್ಟ್‌ಬಾಕ್ಸ್ ಆಸೆ ಹೋಗ್ಲಿಲ್ಲ ಅಂದ್ರೆ ನಾನು ಹುಮ್ಮಸ್ಸಲ್ಲಿ ತಗೊಂಡ ನಾಲ್ಕಡಿಯದ್ದು ನಮ್ಮನೆ ಅಟ್ಟದ ಮೇಲಿದೆ, ಹೋದ ವರ್ಷ ಅದರೊಳಗೆ ಇಲಿ ಮರಿ ಹಾಕಿತ್ತು, ಒಂದು ಮೂಲೆ ತೂತು, ಬೇಕಿದ್ರೆ ಬಂದು ತಗೊಂಡು ಹೋಗಿ.